ಸೈನಿಕನ ಅಳತೆ ಮಿಲಿಮೀಟರು, ಅವನ ನಡಿಗೆ ಇಂಚು

ಎಂಟು ಬಿತ್ತು. ಮೇಜಿನ ಮೇಲೆ ಪುಟಾಣಿ ಸೈನಿಕರ ಗೊಂಬೆ ಇಟ್ಟು ಆಡುವ ಯುದ್ಧದ ಆಟ, ದಾಳ ಬಿದ್ದಷ್ಟು ಇಂಚು ಓಡಿ ಹೋಗಿ ಹೊಡೆಯಬೇಕು. ನನ್ನ ಬಾವಮೈದ ದಾಳ ಎರಡನ್ನೂ ನನ್ನ ಕಡೆ ತಳ್ಳಿ, "ಎಂಟು ಸಾಕು ಬಾವ, ಬೇಕಿದ್ರೆ ನೀವೇ ಅಳೀರಿ" ಅಂದ. ಸಾಧ್ಯವೇ ಇಲ್ಲ ಅಂದೆ ನಾನು. ಅವನ ತುಕಡಿ ಮೇಜಿಗೆ ಇಳಿದದ್ದು ನನ್ನ ಸೈನಿಕರಿಂದ ಒಂಬತ್ತು ಇಂಚಿಗಿಂತ ಆಚೆ. ಎಂಟು ಇಂಚು ಓಡಿ ಬಂದರೂ ಮಧ್ಯೆ ಒಂದು ಇಂಚು ಮತ್ತು ಚೂರು ಉಳಿಯಲೇಬೇಕು. ಹೊಡೆದಾಟ ಶುರುವಾಗಬೇಕಾದರೆ ಒಂದು ಇಂಚಿನ ಒಳಗೆ ಬಂದಿರಬೇಕು. ಸರಳ ಲೆಕ್ಕ. ನನ್ನ ಸ್ಟೀಲ್ ಟೇಪು ಎಳೆದು ಅಳೆದೆ. ಒಂದು ಇಂಚಿಗಿಂತ ಕಡಿಮೆ ಇತ್ತು. ಮತ್ತೆ ಅಳೆದೆ. ಆಗಲೂ ಕಡಿಮೆ.

ತುಮಕೂರಿನ ನಮ್ಮ ಮನೆ ಮಹಡಿ ರೂಮಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ನಡೆದ ಈ ಜಗಳಕ್ಕೆ ಕಾರಣ ಸಿಕ್ಕಿದ್ದು ಅವನ ಜೇಬಿನಲ್ಲಿ. ತುಕಡಿ ಇಳಿಸುವಾಗ ಅವನು ಅಳೆದದ್ದು ನನ್ನ ಟೇಪಿನಲ್ಲಲ್ಲ, ನಮ್ಮ ಅತ್ತೆಯ ಹೊಲಿಗೆ ಮಿಷಿನ್ನಿನ ಡ್ರಾಯರಿನಿಂದ ಎತ್ತಿಕೊಂಡು ಬಂದ ಟೇಪಿನಲ್ಲಿ. ಹಳದಿ ಬಣ್ಣದ್ದು, ಎರಡೂ ತುದಿಗೆ ತಗಡು ಹಾಕಿದ್ದು. ಒಂದು ಬದಿ 60 ಇಂಚು, ತಿರುಗಿಸಿದರೆ 150 ಸೆಂಟಿಮೀಟರು. ಎರಡೂ ಅದೇ ತಗಡಿನ ಹತ್ತಿರ ಮುಗಿಯುತ್ತವೆ. ಆದರೆ 60 ಇಂಚು ಅಂದರೆ 152.4 ಸೆಂ.ಮೀ. ಆಗಬೇಕು ಅಲ್ವಾ? ಉಳಿದ 2.4 ಸೆಂ.ಮೀ. ಎಲ್ಲಿ ಹೋಯಿತು? ಮಗನ ಜಾಮಿಟ್ರಿ ಬಾಕ್ಸಿನಿಂದ ಸ್ಕೇಲು ತಂದು ಪಕ್ಕಕ್ಕಿಟ್ಟು ನೋಡಿದೆವು. ಸ್ಕೇಲಿನಲ್ಲಿ 6 ಇಂಚಿನ ಗೆರೆ 15 ಸೆಂ.ಮೀ. ದಾಟಿ ಎರಡು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಮುಂದಿದೆ, ಇರಬೇಕಾದದ್ದೂ ಹಾಗೇ. ಟೇಪಿನ ಆರನೇ ಇಂಚು ಮಾತ್ರ ಸ್ಕೇಲಿನ 15 ಸೆಂ.ಮೀ. ಗೆರೆಯ ಮೇಲೇ ಬಂದು ಕೂತಿದೆ. ಇಂಚಿಗೆ ಎರಡೂವರೆ ಸೆಂಟಿಮೀಟರು ಅಂದುಕೊಂಡು ಯಾರೋ ಗೆರೆ ಹಾಕಿಬಿಟ್ಟಿದ್ದಾರೆ.

ಆ ಟೇಪಿನ ಒಂಬತ್ತು ಇಂಚು ಅಂದರೆ 22.5 ಸೆಂ.ಮೀ. ನಿಜವಾದ ಒಂಬತ್ತು ಇಂಚು 22.86. ವ್ಯತ್ಯಾಸ 3.6 ಮಿಲಿಮೀಟರು, ಒಂದು ತೊಗರಿ ಕಾಳಿಗಿಂತ ಜಾಸ್ತಿ ಏನಿಲ್ಲ. ಆದರೆ ಆಟದಲ್ಲಿ ಅದರ ಬೆಲೆ ನೋಡಿ. ಎರಡು ದಾಳ ಹಾಕಿದರೆ 36 ಬಗೆಯಲ್ಲಿ ಬೀಳಬಹುದು. ಅದರಲ್ಲಿ ಒಂಬತ್ತು ಅಥವಾ ಮೇಲೆ ಬೀಳುವುದು 10 ಬಗೆಯಲ್ಲಿ, ಎಂಟು ಅಥವಾ ಮೇಲೆ ಬೀಳುವುದು 15 ಬಗೆಯಲ್ಲಿ. ಅಂದರೆ ನೂರಕ್ಕೆ 28 ಇದ್ದ ಅವಕಾಶ ಸುಮ್ನೆ ಟೇಪಿನ ದೆಸೆಯಿಂದ ನೂರಕ್ಕೆ 42ರ ಹತ್ತಿರ ಹೋಯಿತು. ಅವನು ಬೇಕಂತ ಮೋಸ ಮಾಡಿದ್ದಲ್ಲ. ಅವನಿಗೂ ಗೊತ್ತಿರಲಿಲ್ಲ.

ಕಾಫಿ ತಂದ ಅತ್ತೆ ಮಾತ್ರ ಟೇಪಿನ ಮೇಲೆ ದೂರು ಕೇಳಲು ತಯಾರಿರಲಿಲ್ಲ. "ಹತ್ತು ವರ್ಷದಿಂದ ಇದರಲ್ಲೇ ಅಳತೆ ತಗೊಂಡು ಇದರಲ್ಲೇ ಕತ್ತರಿಸ್ತಿದೀನಿ, ಒಂದು ಬ್ಲೌಸ್ ಬಿಗಿ ಆಗಿಲ್ಲ" ಅಂದರು. ಅವರು ಹೇಳಿದ್ದು ಪೂರ್ತಿ ನಿಜ. ಅಳತೆ ತಗೊಳ್ಳುವುದೂ ಕತ್ತರಿಸುವುದೂ ಅದೇ ಟೇಪಿನಲ್ಲಾದರೆ ಇಂಚು ಎಷ್ಟು ಉದ್ದ ಇದ್ದರೇನು? ನಾವಿಬ್ಬರೂ ಪೂರ್ತಿ ಆಟ ಆ ಟೇಪಿನಲ್ಲೇ ಆಡಿದ್ದರೂ ಜಗಳ ಬರುತ್ತಿರಲಿಲ್ಲ. ಇಳಿಯುವಾಗ ಒಂದು ಟೇಪು, ಓಡುವಾಗ ಇನ್ನೊಂದು ಟೇಪು ಆದದ್ದಕ್ಕೇ ಎಲ್ಲ ಆದದ್ದು. ಇಂಚು ಒಳ್ಳೆಯದಾ ಸೆಂಟಿಮೀಟರು ಒಳ್ಳೆಯದಾ ಅನ್ನುವ, ಈ ಆಟ ಆಡುವವರ ಮುಗಿಯದ ವಾದದಲ್ಲಿ ನನಗೆ ಹೇಳಬೇಕಾದ್ದೂ ಹೆಚ್ಚುಕಡಿಮೆ ಇಷ್ಟೇ. ತೊಂದರೆ ಇರುವುದು ಅಳತೆಯಲ್ಲಲ್ಲ, ಒಂದು ಅಳತೆಯಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಟೇಬಲ್‌ಟಾಪ್ ವಾರ್‌ಗೇಮ್ ಅಂದರೆ ಮೇಜಿನ ಮೇಲೆ ಪುಟಾಣಿ ಸೈನಿಕರ ಗೊಂಬೆ ನಿಲ್ಲಿಸಿ ಆಡುವ ಯುದ್ಧ. ಹೆಚ್ಚು ಜನಕ್ಕೆ ಗೊತ್ತಿರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ವಾರ್‌ಹ್ಯಾಮರ್ 40,000, ಮೊದಲು ಬಂದದ್ದು 1987ರಲ್ಲಿ. ಐದೋ ಹತ್ತೋ ಗೊಂಬೆ ಸೇರಿದರೆ ಒಂದು ಯೂನಿಟ್. (ಈ ಯೂನಿಟ್ ಪದದ್ದೇ ಒಂದು ತಮಾಷೆ: ಸೈನ್ಯದ ತುಕಡಿಗೂ ಅದೇ, ಇಂಚು ಮೀಟರಿಗೂ ಅದೇ, ತಿಂಗಳ ಕರೆಂಟ್ ಬಿಲ್ಲಿಗೂ ಅದೇ. ಇಲ್ಲಿ ತುಕಡಿ ಅಂತಲೇ ಬರೆಯುತ್ತೇನೆ.) ಚದುರಂಗಕ್ಕೆ, ಚೌಕಾಬಾರಕ್ಕೆ, ಹಾವು ಏಣಿಗೆ ಮನೆಗಳಿವೆ. ಈ ಆಟಕ್ಕೆ ಮನೆಗಳಿಲ್ಲ. ಬೆಟ್ಟ, ಮುರುಕು ಗೋಡೆ, ಕಾಡು ಇರುವ ಬಯಲು ಮೇಜು. ಸೈನಿಕ ಯಾವ ದಿಕ್ಕಿಗೆ ಬೇಕಾದರೂ ಹೋಗಬಹುದು, ಎಷ್ಟು ದೂರ ಅನ್ನುವುದಕ್ಕೆ ಮಾತ್ರ ಮಿತಿ. ಆ ಮಿತಿಯನ್ನು ಟೇಪಿನಲ್ಲಿ ಅಳೆಯುತ್ತಾರೆ. ಚೌಕಾಬಾರದ ಮನೆ ಕೆಲಸವನ್ನು ಇಲ್ಲಿ ಇಂಚು ಮಾಡುತ್ತದೆ.

ಇದು ತಲೆಯಲ್ಲಿ ಕೂತರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಚೌಕಾಬಾರದ ಮನೆ ಎಷ್ಟು ಸೆಂಟಿಮೀಟರು ಅಂತ ಯಾರಾದರೂ ಕೇಳುತ್ತಾರಾ? ಸೀಮೆಸುಣ್ಣದಲ್ಲಿ ಅಜ್ಜಿ ಎಳೆದಷ್ಟು.

ಆದರೂ ಮೊದಲ ಸಲ ರೂಲ್ಸ್ ಓದುವವರಿಗೆ ತಲೆ ಕೆಡುವುದು ನಿಜ, ಯಾಕಂದರೆ ಒಂದೇ ವಾಕ್ಯದಲ್ಲಿ ಎರಡು ಅಳತೆ ಸಿಗುತ್ತವೆ. ವಾರ್‌ಹ್ಯಾಮರಿನ 2023ರ 10ನೇ ಆವೃತ್ತಿಯಲ್ಲಿ ಗೆಲ್ಲಲು ಹಿಡಿಯಬೇಕಾದ ಗುರುತು 40 ಮಿಲಿಮೀಟರಿನ ದುಂಡು ಬಿಲ್ಲೆ, ಹಿಡಿದಿದ್ದೇವೆ ಅನ್ನಿಸಿಕೊಳ್ಳಲು ಅದರಿಂದ 3 ಇಂಚಿನ ಒಳಗೆ ಇರಬೇಕು. ಸೈನಿಕನ ಕಾಲ ಕೆಳಗಿನ ಬೇಸ್ 32 ಮಿಲಿಮೀಟರು, ಅವನ ನಡಿಗೆ 6 ಇಂಚು, ಅವನ ಕೈಯಲ್ಲಿರುವ ಬೋಲ್ಟ್ ರೈಫಲ್ಲಿನ ಗುಂಡು ಹೋಗುವುದು 24 ಇಂಚು. ತುಕಡಿಯಲ್ಲಿ ಒಬ್ಬನಿಂದ ಒಬ್ಬ 2 ಇಂಚಿನ ಒಳಗೇ ಇರಬೇಕು, ಏಳು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಪ್ರತಿಯೊಬ್ಬನಿಗೂ ಇಬ್ಬರು ಹತ್ತಿರ ಇರಬೇಕು. ಮೇಜಿನ ಮಾತು ಬಂದರೆ ಹಳಬರು ಈಗಲೂ ಆರು ಅಡಿ ನಾಲ್ಕು ಅಡಿ ಅನ್ನುತ್ತಾರೆ. ಗೊಂಬೆಯ ಎತ್ತರಕ್ಕೆ 28 ಮಿಲಿಮೀಟರು ಅಂತ ಹೆಸರು, ಅದನ್ನು ಕಣ್ಣಿನ ಮಟ್ಟಕ್ಕೆ ಅಳೆಯಬೇಕಾ ತಲೆ ತುದಿಗೆ ಅಳೆಯಬೇಕಾ ಅನ್ನುವುದೇ ಇನ್ನೊಂದು ಜಗಳ. ಅದರೊಳಗೆ ನಾನು ಹೋಗುವುದಿಲ್ಲ.

ಇದೇನು ಕಲಸುಮೇಲೋಗರ ಅನ್ನುವ ಮೊದಲು ನಮ್ಮ ಊರನ್ನೇ ಒಂದು ಸುತ್ತು ನೋಡೋಣ. ಹೊಲ ಎಕರೆ-ಗುಂಟೆ, ಪಹಣಿಯಲ್ಲಿ ಆಣೆ ತನಕ. ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರಡಿ, ನಲವತ್ತು ಸೇರಿದರೆ ಎಕರೆ. ಸೈಟು 30-40. ಮನೆ ಕಟ್ಟಲು ಸಿಮೆಂಟು ಕೆಜಿ, ಕಬ್ಬಿಣದ ಸರಳು ಮಿಲಿಮೀಟರು, ಗೋಡೆ ಇಂಚು. ಆಳು ಐದೂವರೆ ಅಡಿ, ತೂಕ ಎಪ್ಪತ್ತು ಕೆಜಿ. ಬಟ್ಟೆ ಅಂಗಡಿಯವನು ಮೀಟರಿನಲ್ಲಿ ಹರಿದು ಕೊಡುತ್ತಾನೆ, ಅದೇ ಬಟ್ಟೆಗೆ ಟೈಲರ್ ಇಂಚಿನಲ್ಲಿ ಅಳತೆ ಬರೆದುಕೊಳ್ಳುತ್ತಾನೆ. ಹೂವು ಮೊಳ, ಅದೂ ಮಾರುವವಳ ಮೊಳ. ಟಿವಿ ಪೆಟ್ಟಿಗೆ ಮೇಲೆ ಸೆಂಟಿಮೀಟರು ಮುಂದೆ, ಇಂಚು ಬ್ರಾಕೆಟ್ಟಿನಲ್ಲಿ, ಆದರೆ ಅಂಗಡಿಗೆ ಹೋಗಿ 108 ಸೆಂಟಿಮೀಟರ್ ಟಿವಿ ಕೊಡಿ ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೋದರೆ ಬೋರ್‌ವೆಲ್ ಸಾವಿರ ಅಡಿ ದಾಟುವುದು ಮಾಮೂಲು, ಅಷ್ಟು ಕೊರೆದ ಮೇಲೆ ದೇವರ ದಯೆಯಿಂದ ನೀರು ಸಿಕ್ಕರೆ "ಎರಡಿಂಚು ನೀರು" ಅನ್ನುತ್ತಾರೆ. ಹರಿಯುವ ನೀರನ್ನು ಉದ್ದದ ಅಳತೆಯಲ್ಲಿ ಹೇಳುತ್ತಿದ್ದೇವೆ, ಎಲ್ಲರಿಗೂ ಅರ್ಥವೂ ಆಗುತ್ತದೆ.

ಕಾನೂನು ಬೇರೆಯೇ ಹೇಳುತ್ತದೆ. 1956ರಲ್ಲೇ ತೂಕ ಮತ್ತು ಅಳತೆ ಕಾಯ್ದೆ ಬಂತು, 1957ರ ಏಪ್ರಿಲ್‌ನಲ್ಲಿ ಹದಿನಾರಾಣೆ ರೂಪಾಯಿ ನೂರು ನಯಾಪೈಸೆ ಆಯಿತು, 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕಗಳು ಶುರುವಾದವು. ಸೇರು ಪಾವು ಅಂಗಡಿಯಿಂದ ಹೋಗಿ ಕೆಜಿ ಲೀಟರು ಕೂತವು. ಅಡಿ ಇಂಚು ಮಾತ್ರ ಹೋಗಲಿಲ್ಲ. ನನ್ನ ಊಹೆ, ತೂಕವನ್ನು ಅಂಗಡಿಯಲ್ಲಿ ತಕ್ಕಡಿ ಬದಲಾಯಿಸಿ ಬದಲಾಯಿಸಬಹುದು, ಆದರೆ ಗಾರೆ ಕೆಲಸದವರ, ಬಡಗಿಯ, ಟೈಲರಿನ ಕೈ ಅಳತೆ ಬದಲಾಗಬೇಕಾದರೆ ಗುರು ಶಿಷ್ಯ ಇಬ್ಬರೂ ಒಟ್ಟಿಗೆ ಬದಲಾಗಬೇಕು.

ಇಂಗ್ಲೆಂಡಿನ ಕಥೆಯೂ ಇದೇ. ಅಲ್ಲಿ 1965ರಿಂದ ಮೆಟ್ರಿಕ್ ಕಡೆ ಹೊರಟರು, ಈಗಲೂ ರಸ್ತೆ ಬೋರ್ಡು ಮೈಲಿಯಲ್ಲಿವೆ, ಬಿಯರು ಪೈಂಟಿನಲ್ಲಿದೆ. 2022ರಲ್ಲಿ ಅಲ್ಲಿನ ಸರ್ಕಾರ ವ್ಯಾಪಾರದಲ್ಲಿ ಹಳೇ ಅಳತೆ ವಾಪಸ್ ತರೋಣವಾ ಅಂತ ಜನರನ್ನು ಕೇಳಿತು. ಲಕ್ಷಕ್ಕೂ ಜಾಸ್ತಿ ಉತ್ತರ ಬಂದವು. 98.7% ಜನ ಮೆಟ್ರಿಕ್ಕೇ ಇರಲಿ ಅಂದರು, ಕೆಲವರು ಪಕ್ಕದಲ್ಲಿ ಹಳೇದನ್ನೂ ಬರೆದರೆ ಪರವಾಗಿಲ್ಲ ಅಂದರು. 2023ರ ಕೊನೆಯಲ್ಲಿ ಆ ಯೋಚನೆ ಕೈಬಿಟ್ಟರು. ಇಂಥಾ ದೇಶದ ಕಂಪನಿ ಬೇಸನ್ನು ಮಿಲಿಮೀಟರಿನಲ್ಲಿ ಎರಕ ಹೊಯ್ದು, ನಡಿಗೆಯನ್ನು ಇಂಚಿನಲ್ಲಿ ಬರೆದರೆ ಆಶ್ಚರ್ಯ ಏನಿದೆ? ಫ್ಯಾಕ್ಟರಿಯ ಕೆಲಸಕ್ಕೆ ಫ್ಯಾಕ್ಟರಿ ಅಳತೆ, ಮನೆಯ ಆಟಕ್ಕೆ ಮನೆ ಅಳತೆ. ತುಮಕೂರಿನವನಿಗೆ ಇದು ಹೊಸದೇನಲ್ಲ. ನಿಜ ಹೇಳಬೇಕಂದರೆ ಮೆಟ್ರಿಕ್ ಮಾತ್ರ ಬಲ್ಲ ಫ್ರಾನ್ಸಿನವನಿಗಿಂತ ನಮಗೇ ಈ ಆಟ ಸುಲಭ.

ಇಂಚು ಉಳಿದುಕೊಂಡದ್ದಕ್ಕೆ ಬರೀ ಅಭ್ಯಾಸ ಮಾತ್ರ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಮೊದಲನೆಯದು ದಾಳ. ಓಡಿ ಹೊಡೆಯಲು ಎರಡು ದಾಳ ಹಾಕಿ, ಬಿದ್ದಷ್ಟು ಇಂಚು ಓಡು ಅನ್ನುವುದು ಎಷ್ಟು ಚೊಕ್ಕ! ಸೆಂಟಿಮೀಟರಿನಲ್ಲಿ ಬಿದ್ದಷ್ಟೇ ಓಡಿದರೆ ಸರಾಸರಿ ಏಳು ಸೆಂಟಿಮೀಟರು, ಎರಡು ಬೇಸ್ ದಾಟುವಷ್ಟರಲ್ಲಿ ಮುಗಿಯಿತು. ಎರಡೂವರೆಯಿಂದ ಗುಣಿಸು ಅಂದರೆ ಆಟ ಮಗ್ಗಿ ಪರೀಕ್ಷೆ ಆಗುತ್ತದೆ. ಎರಡನೆಯದು ಕೈ. ನಾಲ್ಕು ಅಡಿ ಅಗಲದ ಮೇಜಿನ ಎರಡೂ ಕಡೆ ನಿಂತವರಿಗೆ ನಡುವಿನ ತನಕ, ಅಂದರೆ ಎರಡು ಅಡಿ, ಕೈ ಎಟಕುತ್ತದೆ. ಅದೇ ಎರಡು ಅಡಿ 24 ಇಂಚಿನ ರೈಫಲ್. ನನ್ನ ಅಂಚಿನಿಂದ ಹೊಡೆದ ಗುಂಡು ಮೇಜಿನ ನಡುವಿನ ಗೆರೆ ತನಕ ಹೋಗುತ್ತದೆ, ಮುಂದಕ್ಕೆ ಬೇಕಾದರೆ ಹೆಜ್ಜೆ ಹಾಕಬೇಕು. ಮೂರನೆಯದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕು.

ಹಳೇ 25 ಮಿಲಿಮೀಟರ್ ಬೇಸ್ ಒಂದು ಇಂಚಿಗೆ ಕೂದಲೆಳೆಯಷ್ಟೇ ಕಡಿಮೆ. ಆಗ ಒಂದು ಇಂಚು ಅಂದರೆ ಒಬ್ಬ ಸೈನಿಕ ನಿಲ್ಲುವ ಜಾಗ. ಆರು ಇಂಚು ನಡೆದರೆ ಆರು ಜನರ ಜಾಗ. ಮನೆ ಇಲ್ಲದ ಆಟಕ್ಕೆ ಮನೆ ಇದ್ದದ್ದು ಸೈನಿಕನ ಕಾಲಡಿಯಲ್ಲೇ! 2015ರ ಸುಮಾರಿಗೆ ಈ ಆಟದ ಸ್ಪೇಸ್ ಮರೀನ್ ಅನ್ನುವ ಸೈನಿಕರು 25ರಿಂದ 32 ಮಿಲಿಮೀಟರಿನ ಬೇಸಿಗೆ ಹೋದರು. ಗೊಂಬೆಗಳೂ ದಪ್ಪ ಆದವು. ಹತ್ತು ಜನ ಹೆಗಲಿಗೆ ಹೆಗಲು ಕೊಟ್ಟು ನಿಂತರೆ ಮೊದಲು 25 ಸೆಂ.ಮೀ. ಇದ್ದದ್ದು ಈಗ 32 ಸೆಂ.ಮೀ. ಆಯಿತು. ನಡಿಗೆ ಮಾತ್ರ ಅದೇ 6 ಇಂಚು. ಇನ್ನೊಂದು ಕಡೆ 2020ರಲ್ಲಿ ಬಂದ 9ನೇ ಆವೃತ್ತಿಯಲ್ಲಿ ಮೇಜಿನ ಅಳತೆ 72ಕ್ಕೆ 48 ಇಂಚಿನಿಂದ 60ಕ್ಕೆ 44 ಇಂಚಿಗೆ ಇಳಿಯಿತು. ಗುಣಿಸಿ ನೋಡಿ: 3,456 ಚದರ ಇಂಚಿದ್ದದ್ದು 2,640 ಆಯಿತು. ಸುಮಾರು ಕಾಲು ಭಾಗ ಹೋಯಿತು. ಸೈಟು ಸಣ್ಣದಾಯಿತು, ಮನೆಮಂದಿ ದಪ್ಪ ಆದರು.

ಇತ್ತೀಚೆಗೆ ಆಟ ಇಕ್ಕಟ್ಟು, ಎರಡನೇ ಸುತ್ತಿಗೇ ಎಲ್ಲರೂ ಎಲ್ಲರ ಮೈಮೇಲೆ ಬಂದು ಬೀಳುತ್ತಾರೆ, ಇಂಚಿನ ಬದಲು ಸೆಂಟಿಮೀಟರು ಮಾಡಿದರೆ ಸೂಕ್ಷ್ಮವಾಗಿ ಆಡಬಹುದು ಅಂತ ಗೊಣಗುವವರಿಗೆ ನಾನು ಈ ಲೆಕ್ಕ ತೋರಿಸುತ್ತೇನೆ. ನಿಮ್ಮ ದೂರು ಸರಿ, ಅಪರಾಧಿ ಬೇರೆ. ಇಂಚು ಬದಲಾಗೇ ಇಲ್ಲ. ಅದರ ಎರಡೂ ಪಕ್ಕ ನಿಂತಿದ್ದ ಬೇಸ್ ಮತ್ತು ಮೇಜು ಬದಲಾದವು. (ಒಂದು ಲಾಭ ಆಯಿತು. ನಮ್ಮಲ್ಲಿ ಪ್ಲೈವುಡ್ ಸಿಗುವುದು ಎಂಟು ಅಡಿ ನಾಲ್ಕು ಅಡಿ ಹಾಳೆ. 60ಕ್ಕೆ 44 ಕತ್ತರಿಸಿದರೆ ಮೂರು ಅಡಿ ನಾಲ್ಕು ಅಡಿಯ ತುಂಡು ಇಡಿಯಾಗಿ ಉಳಿಯುತ್ತದೆ. ನಮ್ಮ ಮನೆಯಲ್ಲಿ ಅದು ಈಗ ಚಪ್ಪಲಿ ಸ್ಟ್ಯಾಂಡು.)

ಹಾಗಂತ ಸೆಂಟಿಮೀಟರಿನ ಆಟ ಕೆಟ್ಟದು ಅಂತಲ್ಲ. ಗೇಮ್ಸ್ ವರ್ಕ್‌ಶಾಪಿನವರೇ ಸಣ್ಣ ಗೊಂಬೆಯ ಆಟಗಳಿಗೆ ಅದನ್ನು ಬಳಸಿದ್ದಾರೆ. 6 ಮಿಲಿಮೀಟರ್ ಗೊಂಬೆಯ ಎಪಿಕ್, 2000ದಲ್ಲಿ ಬಂದ ವಾರ್‌ಮಾಸ್ಟರ್, ಎರಡರಲ್ಲೂ ಸೆಂಟಿಮೀಟರು. ಗೊಂಬೆ ಸಣ್ಣದಾದರೆ ಹೆಜ್ಜೆಯೂ ಸಣ್ಣದು, ಸರಿಯಾಗೇ ಇದೆ. ವಿಚಿತ್ರ ಅಂದರೆ 2023ರಲ್ಲಿ ಎಪಿಕ್ ಜಾಗಕ್ಕೆ ಬಂದ ಲೀಜನ್ಸ್ ಇಂಪೀರಿಯಾಲಿಸ್ ಮತ್ತೆ ಇಂಚಿಗೆ ಹೋಯಿತು. ಜನರ ಮನೆಯಲ್ಲಿ ಆಗಲೇ ಇಂಚಿನ ಟೇಪು ಇದೆ, ತಲೆಯಲ್ಲೂ ಇಂಚೇ ಇದೆ ಅನ್ನುವುದು ಕಾರಣ ಇರಬೇಕು ಅಂತ ನನ್ನ ಲೆಕ್ಕ.

ಎರಡನ್ನೂ ಬರೆಯುವವರೂ ಇದ್ದಾರೆ. ಸ್ಪೇನಿನ ಇನ್ಫಿನಿಟಿ ಅನ್ನುವ ಆಟದಲ್ಲಿ 8 ಇಂಚು ಅಂದರೆ 20 ಸೆಂ.ಮೀ., 48 ಇಂಚು ಅಂದರೆ 120. ನ್ಯೂಜಿಲೆಂಡಿನ ಫ್ಲೇಮ್ಸ್ ಆಫ್ ವಾರ್‌ನಲ್ಲೂ 4 ಇಂಚಿಗೆ 10, 16ಕ್ಕೆ 40. ಅತ್ತೆಯ ಟೇಪಿನ ಲೆಕ್ಕವೇ! ಆದರೆ ಇಲ್ಲಿ ತಿಳಿದೇ ಮಾಡಿದ್ದು. 48 ಇಂಚು ನಿಜಕ್ಕೂ 121.92 ಸೆಂ.ಮೀ., ಹತ್ತಿರಹತ್ತಿರ ಎರಡು ಸೆಂಟಿಮೀಟರು ಬಿಟ್ಟುಕೊಟ್ಟಿದ್ದಾರೆ, ಯಾಕಂದರೆ 121.92 ಅಂತ ಅಚ್ಚು ಹಾಕಿದರೆ ಯಾರೂ ಆಡುವುದಿಲ್ಲ. ಮೇಜಿನ ಸುತ್ತ ಎಲ್ಲರೂ ಸೆಂಟಿಮೀಟರಿನವರಾದರೆ ಒಂದು ಚೂರೂ ತೊಂದರೆ ಇಲ್ಲ. ಒಬ್ಬ ಇಂಚಿನ ಟೇಪು, ಇನ್ನೊಬ್ಬ ಸೆಂಟಿಮೀಟರ್ ಟೇಪು ಹಿಡಿದು ಎದುರುಬದುರು ಕೂತರೆ ಮುಗಿಯಿತು, ನಮ್ಮ ಮಹಡಿಯ ಜಗಳ ಅಲ್ಲೂ ಹುಟ್ಟುತ್ತದೆ.

ಇಂಚು ಪಾಪ ಸ್ವತಂತ್ರವಾಗಿಯೂ ಇಲ್ಲ ಈಗ. 1959ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಸೇರಿ ಇಂಚು ಅಂದರೆ ಸರಿಯಾಗಿ 2.54 ಸೆಂ.ಮೀ. ಅಂತ ಒಪ್ಪಿಕೊಂಡವು. ಅಲ್ಲಿಗೆ ಇಂಚಿನ ಹಿಂದೆ ನಿಂತಿರುವುದು ಮೀಟರೇ. "ಮೆಟ್ರಿಕ್ ಶುದ್ಧ, ಇಂಚು ಅಂದಾಜು" ಅನ್ನುವವರಿಗೆ ಇದೊಂದು ಸಾಕು.

ದಾಟುವ ಜಾಗದಲ್ಲಿ ಬೀಳುವ ಇನ್ನೊಂದು ಬಗೆ ಇದೆ, ಇದು ಈ ಕಾಲದ್ದು. ನಮ್ಮ ಚಿಕ್ಕಬಳ್ಳಾಪುರದ ಗೆಳೆಯ ಮನೆಯಲ್ಲೇ ತ್ರೀಡಿ ಪ್ರಿಂಟರ್ ಇಟ್ಟುಕೊಂಡು ಗೊಂಬೆ ಅಚ್ಚು ಹಾಕುತ್ತಾನೆ. ಹೊರಗಿನಿಂದ ತರಿಸಿದರೆ ಬೆಲೆ ಕೈ ಸುಡುತ್ತದೆ, ಹಾಗಾಗಿ ನಮ್ಮಂಥವರಿಗೆ ಅವನೇ ಗತಿ. ಒಂದು ದಿನ ಹೊಸ ಫೈಲು ಹಾಕಿ, ಅಚ್ಚು ಮುಗಿದ ಮೇಲೆ ಪ್ಲೇಟು ಎತ್ತಿ ನೋಡಿದರೆ ಸೈನಿಕರೇ ಇಲ್ಲ. "ಪ್ರಿಂಟ್ ಕೆಟ್ಟೋಯ್ತು ಗುರು" ಅಂತ ಫೋನು ಮಾಡಿದ. ಆಮೇಲೆ ಟಾರ್ಚು ಬಿಟ್ಟು ನೋಡಿದ್ದಾನೆ, ಪ್ಲೇಟಿನ ಮೂಲೆಯಲ್ಲಿ ರಾಗಿ ಕಾಳಿನಷ್ಟು ಏನೋ ಅಂಟಿದೆ. ಫೋಟೋ ತೆಗೆದು ದೊಡ್ಡದು ಮಾಡಿದರೆ, ಕಾಲು ಅಗಲಿಸಿ ನಿಂತ ಸೈನಿಕನ ಹಾಗೆ ಕಂಡೂ ಕಾಣದ ಹಾಗೆ ಒಂದು ಆಕಾರ! ಆದದ್ದಿಷ್ಟೇ. ಗೊಂಬೆ ಫೈಲುಗಳು ಜಾಸ್ತಿ ಬರುವುದು ಎಸ್‌ಟಿಎಲ್ ಅನ್ನುವ ನಮೂನೆಯಲ್ಲಿ, ಅದರಲ್ಲಿ ಅಂಕಿ ಇರುತ್ತದೆ, ಅಳತೆ ಯಾವುದು ಅನ್ನುವುದು ಇರುವುದಿಲ್ಲ. ಮಾಡಿದವನು ಇಂಚಿನಲ್ಲಿ 1.25 ಅಂತ ಮಾಡಿದ್ದಾನೆ. ಇವನ ಪ್ರಿಂಟರು 1.25 ಮಿಲಿಮೀಟರು ಅಂತ ಓದಿಕೊಂಡಿದೆ. 25.4 ಪಟ್ಟು ಸಣ್ಣ. ಆ ಸೈನಿಕನನ್ನು ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾನೆ, ಯಾರು ಹೋದರೂ ತೆಗೆದು ತೋರಿಸುತ್ತಾನೆ, ಸೀನಬೇಡಿ ಅಂತ ಮೊದಲೇ ಹೇಳಿ. ಇದರಲ್ಲಿ ಇಂಚಿನದೂ ತಪ್ಪಿಲ್ಲ ಮಿಲಿಮೀಟರಿನದೂ ತಪ್ಪಿಲ್ಲ. ಅಂಕಿ ಬಂತು, ಅದರ ಜೊತೆ ಬರಬೇಕಾದ ಹೆಸರು ಬರಲಿಲ್ಲ.

ಇನ್ನೊಂದು ಪ್ರಶ್ನೆ ಹುಡುಗರು ಕೇಳುತ್ತಾರೆ, ಒಳ್ಳೆಯ ಪ್ರಶ್ನೆ: ಮೇಜಿನ ಒಂದು ಇಂಚು ನಿಜದಲ್ಲಿ ಎಷ್ಟು ದೂರ? ಗೊಂಬೆಯನ್ನು ಮನುಷ್ಯನ ಅರವತ್ತನೇ ಒಂದು ಭಾಗ ಅಂತ ಇಟ್ಟುಕೊಂಡರೆ ಒಂದು ಇಂಚು ಐದು ಅಡಿ ಆಗುತ್ತದೆ. ಹಾಗಾದರೆ ಸಾವಿರಾರು ವರ್ಷ ಮುಂದಿನ ಕಥೆಯ ಆ ರೈಫಲ್ಲಿನ 24 ಇಂಚು ಅಂದರೆ 120 ಅಡಿ. ನಮ್ಮ ಬೀದಿಯಲ್ಲಿ ಮೂರು ಸೈಟು ಆಚೆಗೆ ಹೊಡೆಯಲಾಗದ ಬಂದೂಕು! ಗೊಂಬೆಯ ಲೆಕ್ಕ ಬೇರೆ, ನೆಲದ ಲೆಕ್ಕ ಬೇರೆ ಅಂತ ಒಪ್ಪಿಕೊಂಡರೇ ಆಟ ನಡೆಯುವುದು. ಯಾವಾಗಲೂ ಹೀಗಿರಲಿಲ್ಲ. 1824ರಲ್ಲಿ ಪ್ರಷ್ಯಾದ ಸೈನ್ಯಾಧಿಕಾರಿ ರೈಸ್‌ವಿಟ್ಜ್ ಮಾಡಿದ ಕ್ರೀಗ್ಸ್‌ಪೀಲ್ ಅನ್ನುವ ಯುದ್ಧದ ಆಟದಲ್ಲಿ ಗೊಂಬೆಗಳೇ ಇರಲಿಲ್ಲ, 1:8000 ಅಳತೆಯ ನಕ್ಷೆಯ ಮೇಲೆ ಸಣ್ಣ ತುಂಡುಗಳನ್ನು ಸರಿಸುತ್ತಿದ್ದರು, ಒಂದು ಸರದಿ ಅಂದರೆ ಎರಡು ನಿಮಿಷ. ಅದು ಅಧಿಕಾರಿಗಳ ತರಬೇತಿ, ಅಲ್ಲಿ ಪ್ರತಿ ಗೆರೆಗೂ ನಿಜದ ದೂರ ಇತ್ತು. 1913ರಲ್ಲಿ ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ ಮನೆಯ ನೆಲದ ಮೇಲೆ ಸೀಸದ ಸೈನಿಕರನ್ನಿಟ್ಟು ಆಡುವ ನಿಯಮ ಬರೆದಾಗ ಕಾಲಾಳಿಗೆ ಒಂದು ಅಡಿ, ಕುದುರೆಗೆ ಎರಡು ಅಡಿ ಅಂದುಬಿಟ್ಟರು. ನಕ್ಷೆ ಹೋಯಿತು, ನೆಲ ಬಂತು. ನಾವು ಆಡುತ್ತಿರುವುದು ಈ ಎರಡನೇ ಸಂತತಿ.

ಅಳತೆಯನ್ನೇ ಕೈಬಿಟ್ಟ ಆಟಗಳು ನನಗೆ ಬಹಳ ಇಷ್ಟ. 2012ರ ಎಕ್ಸ್-ವಿಂಗ್ ಡಬ್ಬಿಯಲ್ಲೇ ಒಂದು ರಟ್ಟಿನ ಕೋಲು ಬರುತ್ತಿತ್ತು, ಅದರ ಮೇಲೆ 1, 2, 3 ಅಂತ ಮೂರು ಪಟ್ಟಿ. ಒಂದೊಂದು ಪಟ್ಟಿ ಹತ್ತು ಸೆಂಟಿಮೀಟರು, ಆದರೆ ಅದು ಆಡುವವನಿಗೆ ಗೊತ್ತಿರಬೇಕಾಗಿಯೇ ಇಲ್ಲ. ಡಿ.ಬಿ.ಎ. ಅನ್ನುವ ಪ್ರಾಚೀನ ಯುದ್ಧಗಳ ಆಟದಲ್ಲಿ ಈಗ ಎಲ್ಲವನ್ನೂ ಬೇಸ್ ಅಗಲದಲ್ಲಿ ಹೇಳುತ್ತಾರೆ. 15 ಮಿಲಿಮೀಟರಿನ ಗೊಂಬೆಯಾದರೆ ಬೇಸ್ 40 ಮಿಲಿಮೀಟರು, ದೊಡ್ಡ ಗೊಂಬೆಯಾದರೆ 60. ಗೊಂಬೆ ದೊಡ್ಡದಾದರೆ ಹೆಜ್ಜೆಯೂ ತಾನಾಗೇ ದೊಡ್ಡದಾಗುತ್ತದೆ. ಬೇಸ್ ಬೆಳೆದು ನಡಿಗೆ ಅಲ್ಲೇ ಉಳಿಯಿತು ಅನ್ನುವ ಮೇಲಿನ ಗೋಳು ಇಲ್ಲಿ ಹುಟ್ಟುವುದೇ ಇಲ್ಲ. ಚಿನ್ನಿದಾಂಡು ಆಡಿದವರಿಗೆ ಇದು ಗೊತ್ತು. ಚಿನ್ನಿ ಎಷ್ಟು ದೂರ ಹೋಯಿತು ಅಂತ ಅಳೆಯುವುದು ದಾಂಡಿನಲ್ಲೇ. ಪಕ್ಕದ ಬೀದಿಯವರ ದಾಂಡು ಉದ್ದ ಇತ್ತು ಅಂತ ಯಾರೂ ಕೋರ್ಟಿಗೆ ಹೋಗಲಿಲ್ಲ, ಯಾಕಂದರೆ ಆ ಆಟ ಪೂರ್ತಿ ಅದೇ ದಾಂಡು.

ಅದಕ್ಕೇ ನಾವು ಈಗ ಸ್ವಂತಕ್ಕೆ ಮಾಡಿಕೊಳ್ಳುತ್ತಿರುವ ಆಟಕ್ಕೆ ಇಂಚೂ ಬೇಡ ಸೆಂಟಿಮೀಟರೂ ಬೇಡ ಅಂತ ತೀರ್ಮಾನ ಆಯಿತು. ವಿಷಯ ನಂದಿದುರ್ಗ. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸ್ ಸೈನ್ಯ ಟಿಪ್ಪುವಿನ ಕೈಯಿಂದ ಈ ಕೋಟೆ ಕಿತ್ತುಕೊಂಡದ್ದು, ಅವನ ಜನರಲ್ ಮೆಡೋಸ್ ಮುಂದೆ ನಿಂತು ರಾತ್ರಿ ಹೊತ್ತು ಲಗ್ಗೆ ಹಾಕಿಸಿದ್ದು. ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ 1,478 ಮೀಟರು. ಅಲ್ಲಿನ ಟಿಪ್ಪು ಡ್ರಾಪ್ ಬಂಡೆಯನ್ನು ಸುಮಾರು 600 ಮೀಟರು ಅನ್ನುತ್ತಾರೆ. ಗೊಂಬೆಯ ಅಳತೆಗೆ, ಅರವತ್ತನೇ ಒಂದು ಭಾಗಕ್ಕೆ ಇಳಿಸಿದರೂ ಹತ್ತು ಮೀಟರು, ನಮ್ಮ ಮಹಡಿ ಮನೆಗಿಂತ ಎತ್ತರ. ಹಾಗಾಗಿ ಥರ್ಮೋಕೋಲಿನಲ್ಲಿ ಒಂದೂವರೆ ಅಡಿ ಬೆಟ್ಟ ಮಾಡಿ ನಂದಿ ಅಂತ ಕರೆದೆವು. ಟಿಪ್ಪುವಿನ ಕಾಲಾಳು ತುಕಡಿಗೆ ಕುಶೂನ್ ಅಂತಿದ್ದರು, ಅದೇ ಹೆಸರು ಇಟ್ಟುಕೊಂಡೆವು. ಕುಶೂನಿಗೆ ನಾಲ್ಕು ಬೇಸ್, ಇಂಗ್ಲಿಷರ ಬೆಟಾಲಿಯನ್ನಿಗೂ ನಾಲ್ಕು ಬೇಸ್. ನಡಿಗೆ ಬಯಲಲ್ಲಿ ನಾಲ್ಕು ಬೇಸ್ ಅಗಲ, ಬೆಟ್ಟ ಹತ್ತುವಾಗ ಎರಡು, ತೋಪು ಎಳೆದುಕೊಂಡು ಹತ್ತಿದರೆ ಒಂದು. ಅಳೆಯಲು ತೆಂಗಿನ ಗರಿ ಪೊರಕೆಯಿಂದ ಕಡ್ಡಿ ಕಿತ್ತು ಒಂದು ಬೇಸ್, ಎರಡು ಬೇಸ್, ನಾಲ್ಕು ಬೇಸ್ ಉದ್ದಕ್ಕೆ ಕತ್ತರಿಸಿ ತುದಿಗೆ ಬಣ್ಣ ಹಚ್ಚಿದ್ದೇವೆ. ತೆಂಗಿನ ಸೀಮೆಯಲ್ಲಿ ಪೊರಕೆಗೇನು ಬರ!

ಎರಡು ಸಲ ಆಡಿ ನೋಡಿದೆವು. ಒಳ್ಳೆಯದು ಅಂದರೆ ವಾದ ಕಡಿಮೆ. ಕಡ್ಡಿ ಇಡು, ಮುಟ್ಟಿತಾ ಇಲ್ಲವಾ, ಮುಗಿಯಿತು. ಎಂಟನೇ ಕ್ಲಾಸಿನ ನನ್ನ ಮಗನಿಗೆ ಮೂರೂವರೆ ಇಂಚು ಅಂದರೆ ಟೇಪಿನಲ್ಲಿ ಹುಡುಕಬೇಕಾಗುತ್ತಿತ್ತು, ಶಾಲೆಯಲ್ಲಿ ಅವನು ಕಲಿತದ್ದೆಲ್ಲ ಸೆಂಟಿಮೀಟರು, ಕಡ್ಡಿಯಲ್ಲಿ ಆ ಕಷ್ಟ ಇಲ್ಲ. ಕೆಟ್ಟದ್ದೂ ಇದೆ. ಬಾಣ ತೋಪಿನಂಥ ದೂರದ ಹೊಡೆತಕ್ಕೆ ಕಡ್ಡಿ ಮೇಲೆ ಕಡ್ಡಿ ಇಟ್ಟುಕೊಂಡು ಹೋಗಬೇಕು, ಪ್ರತಿ ಸಲ ಎತ್ತಿ ಇಡುವಾಗ ಚೂರು ಚೂರು ಜಾರುತ್ತದೆ, ನಾಲ್ಕನೇ ಕಡ್ಡಿ ಹೊತ್ತಿಗೆ ಅತ್ತೆಯ ಟೇಪೇ ವಾಸಿ ಅನ್ನಿಸುತ್ತದೆ. ಬೇರೆ ಊರಿನವರು ಬಂದರೆ ಅವರ ಬೇಸ್ ಅಳತೆ ಬೇರೆ ಇದ್ದರೆ ಏನು ಅನ್ನುವುದೂ ಇದೆ. ಕೋಲಾರದ ಇಬ್ಬರು ಬರುತ್ತೇನೆ ಅಂದಿದ್ದಾರೆ, ಅವರ ಗೊಂಬೆಗಳು 15 ಮಿಲಿಮೀಟರಿನವು. ಅವತ್ತು ಅವರ ಬೇಸಿನಲ್ಲಿ ಆಡುತ್ತೇವೆ, ಬೇರೆ ಕಡ್ಡಿ ಕತ್ತರಿಸಿದರಾಯಿತು.

ಅಂಗಡಿಯ ಆಟ ಆಡುವವರಿಗೆ ನನ್ನ ಸಲಹೆ ಚಿಕ್ಕದು. ರೂಲ್ಸ್ ಪುಸ್ತಕ ಇಂಚಿನಲ್ಲಿದ್ದರೆ ಇಂಚಿನಲ್ಲೇ ಆಡಿ, ತಲೆಯಲ್ಲಿ ಸೆಂಟಿಮೀಟರು ಮಾಡಿಕೊಳ್ಳಬೇಡಿ. ಬೇಸ್ ಕೊಳ್ಳುವಾಗ ಮಿಲಿಮೀಟರಿನಲ್ಲೇ ಕೇಳಿ, ಒಂದಿಂಚಿನ ಬೇಸ್ ಅಂತ ಕೇಳಬೇಡಿ, 25 ಬರಬಹುದು 28 ಬರಬಹುದು. ಬಡಗಿಗೆ ಮೇಜು ಹೇಳುವಾಗ ಅಡಿ ಇಂಚಿನಲ್ಲಿ ಹೇಳಿ, 111.76 ಸೆಂಟಿಮೀಟರು ಅಂದರೆ ಆತ ನಿಮ್ಮನ್ನು ನೋಡುವ ರೀತಿಯೇ ಬೇರೆ. ಪ್ರಿಂಟಿಗೆ ಫೈಲು ಕೊಡುವಾಗ ಗೊಂಬೆ ಎಷ್ಟು ಎತ್ತರ ಬರಬೇಕು ಅಂತ ಪಕ್ಕದಲ್ಲಿ ಬರೆದು ಕೊಡಿ. ಟೇಪು ಸ್ಟೀಲಿನದಿರಲಿ, ಬಟ್ಟೆ ಟೇಪು ಬೇಡ. ಮತ್ತು ಮೇಜಿಗೆ ಒಂದೇ ಟೇಪು, ಇಬ್ಬರಿಗೂ ಅದೇ.

ಆ ಭಾನುವಾರದ ಎಂಟು? ಬಾವಮೈದನ ತುಕಡಿಯನ್ನು 3.6 ಮಿಲಿಮೀಟರು ಹಿಂದಕ್ಕೆ ಸರಿಸಿ, ದಾಳ ಮತ್ತೆ ಹಾಕು ಅಂದೆ. ಹನ್ನೊಂದು ಬಿತ್ತು.